ಫ್ಯಾಮಿಲಿ ಲಿಂಕ್: ಹದಿಹರೆಯದ ಮಕ್ಕಳಿರುವ ಮನೆಗೆ ಎಷ್ಟು ಬೇಕು?

ಮಕ್ಕಳ ಫೋನಿನ ಮೇಲೆ ಕಣ್ಣಿಡುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್‌ಗೆ ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಎಷ್ಟು ಗಂಟೆ ಫೋನು, ರಾತ್ರಿ ಎಷ್ಟಕ್ಕೆ ಲಾಕು, ಯಾವ ಆ್ಯಪ್ ಹಾಕಬಹುದು, ಎಲ್ಲವೂ ಅಪ್ಪ-ಅಮ್ಮನ ಕೈಯಲ್ಲಿ. ಲಾಕ್ ಆದಮೇಲೂ ಬಂದ ಕರೆ ಎತ್ತಬಹುದು. ಮಕ್ಕಳ ವಾಟ್ಸಾಪ್ ಮೆಸೇಜು ಅಪ್ಪ-ಅಮ್ಮನಿಗೆ ಓದಲು ಬರುವುದಿಲ್ಲ, ಬರದಿರುವುದೇ ಒಳ್ಳೆಯದು.

ಎಡವಟ್ಟೆಲ್ಲ ಮಕ್ಕಳು ಎಲ್ಲಿದ್ದಾರೆ ಅಂತ ನಕ್ಷೆಯಲ್ಲಿ ತೋರಿಸುವ ಲೊಕೇಶನ್‌ನದು, ಅದೂ ನಮ್ಮ ಮಲೆನಾಡಿನಲ್ಲಿ. ಶಿವಮೊಗ್ಗದಲ್ಲಿ ಪಿಯುಸಿ ಓದುವ ಹುಡುಗಿ ಸಂಜೆ ತೀರ್ಥಹಳ್ಳಿ ಬಸ್ಸು ಹತ್ತಿದಳು ಅಂದುಕೊಳ್ಳಿ. ಗಾಜನೂರು ದಾಟಿ ಕಾಡಿನ ನಡುವೆ ನೆಟ್‌ವರ್ಕ್ ಹೋಯಿತೋ, ನಕ್ಷೆಯ ಚುಕ್ಕಿ ಅಲ್ಲೇ ನಿಂತಿತು. ಬಸ್ಸು ಮಂಡಗದ್ದೆ ದಾಟಿದ್ದರೂ ಚುಕ್ಕಿ ಕದಲಿಲ್ಲ. ಮನೆ ಮುಟ್ಟುತ್ತಿದ್ದಂತೆ "ಅಲ್ಲೇನೇ ಮಾಡ್ತಿದ್ದೆ ಅಷ್ಟೊತ್ತು?" ಅಂತ ಶುರುವಾದರೆ, ನಾಳೆಯಿಂದ ಅವಳ ಫೋನೇ ಸ್ವಿಚ್ ಆಫ್. ಬೈಯುವ ಮೊದಲು ಆ ಲೊಕೇಶನ್ ಎಷ್ಟು ಹೊತ್ತಿನ ಹಿಂದಿನದು ಅಂತ ನೋಡಿ, ಅಲ್ಲೇ ಬರೆದಿರುತ್ತದೆ.

ಆ್ಯಪನ್ನು ಕದ್ದು ಹಾಕಬೇಡಿ. ಎದುರು ಕೂರಿಸಿಕೊಂಡು, ಏನೇನು ಕಾಣುತ್ತದೆ ಅಂತ ನಿಮ್ಮ ಫೋನನ್ನೇ ತೋರಿಸಿ. ಗಂಟೆಯ ಮಿತಿಯನ್ನು ಮೊದಲು ಅವರೇ ಹೇಳಲಿ, ಆಮೇಲೆ ಚೌಕಾಸಿ. ತಿಂಗಳಿಗೊಮ್ಮೆ ಒಂದೊಂದು ಬಿಗಿ ಸಡಿಲಿಸಿ. ಎಸ್‌ಎಸ್‌ಎಲ್‌ಸಿ ಮುಗಿಯುವಷ್ಟರಲ್ಲಿ ಆ್ಯಪ್‌ಗೆ ಅನುಮತಿ ಕೇಳುವ ಕಾಟ ತೆಗೆಯಬಹುದು.

ಹದಿನಾರು ದಾಟಿದವರಿಗೆ ವಾಟ್ಸಾಪ್ ಲೈವ್ ಲೊಕೇಶನ್ನೇ ವಾಸಿ. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಅವರೇ ಆರಿಸಿ ಕಳಿಸುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಕಾಡಿನಲ್ಲಿ ಅದೂ ನಿಲ್ಲುತ್ತದೆ ಅನ್ನಿ. ಬಸ್ಸು ಹತ್ತಿದಾಗೊಂದು, ಇಳಿದಾಗೊಂದು ಕರೆ ಅಂತ ಮಾತಾಡಿಕೊಂಡರೆ ಸಾಕು.