ಹ್ಯಾಪಿ ಫೈರ್ ಸರ್ವರ್: ಪುಕ್ಕಟೆ, ಗಟ್ಟಿ, ಆದರೆ ಅರ್ಧ ಕೆಲಸ ನಮ್ಮದೇ

ಎರಡು ಆಸ್ಪತ್ರೆ ಸಾಫ್ಟ್‌ವೇರ್‌ಗಳ ನಡುವೆ ರೋಗಿಯ ದಾಖಲೆ ಓಡಾಡಬೇಕು ಅಂದ ಕೂಡಲೇ ಈಗ ಎಲ್ಲರೂ ಹೇಳುವ ಹೆಸರು ಫೈರ್. ಆರೋಗ್ಯ ಮಾಹಿತಿ ವಿನಿಮಯಕ್ಕೆ ನಿಯಮ ರೂಪಿಸುವ ಎಚ್‌ಎಲ್‌7 ಸಂಸ್ಥೆಯ ಸ್ಟ್ಯಾಂಡರ್ಡ್ ಅದು, ಇಂಗ್ಲಿಷ್‌ನಲ್ಲಿ FHIR. ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದೇ ವಾಸಿ ಅನ್ನುವವರಿಗೆ ಹ್ಯಾಪಿ ಫೈರ್‌ಗಿಂತ ಸಲೀಸಾದ ದಾರಿ ನನಗೆ ಸಿಕ್ಕಿಲ್ಲ. ಫೈರ್ ದಾಖಲೆಗಳನ್ನು ಇಟ್ಟುಕೊಂಡು ಕೇಳಿದಾಗ ಕೊಡುವ, ಜಾವಾದಲ್ಲಿ ಬರೆದ ಓಪನ್ ಸೋರ್ಸ್ ಸರ್ವರ್ ಅದು, ಅಪಾಚೆ 2.0 ಲೈಸೆನ್ಸ್. ಸಾಫ್ಟ್‌ವೇರನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಡಾಕರ್ ಇದ್ದರೆ ಒಂದೇ ಕಮಾಂಡ್ ಸಾಕು, 8080 ಪೋರ್ಟ್‌ನಲ್ಲಿ ಎದ್ದು ನಿಲ್ಲುತ್ತದೆ.

ಹಳೇ ಎಚ್‌ಎಲ್‌7 ವರ್ಷನ್ 2ರ ಜೊತೆ ಏಗಿದವರಿಗೆ ಫೈರ್ ದೊಡ್ಡ ನೆಮ್ಮದಿ. ಅಲ್ಲಿ ರೋಗಿಯ ವಿವರ ಇರುವ ಪಿಐಡಿ ಸಾಲಿನ ತುಂಬಾ ಪೈಪ್ (|) ಗುರುತುಗಳು, ಐದನೇದು ಹೆಸರು, ಏಳನೇದು ಹುಟ್ಟಿದ ದಿನ ಅಂತ ಬೆರಳಿಟ್ಟು ಎಣಿಸಬೇಕು. ಇಲ್ಲಿ ಪೇಷಂಟ್ (ರೋಗಿ), ಅಬ್ಸರ್ವೇಷನ್ (ಟೆಸ್ಟ್ ಅಥವಾ ಅಳತೆಯ ಫಲಿತಾಂಶ) ಅಂತ ಹೆಸರಿರುವ ರಿಸೋರ್ಸ್‌ಗಳು, ಅಂದರೆ ದಾಖಲೆಯ ತುಣುಕುಗಳು. ಹೆಸರು-ಬೆಲೆ ಜೋಡಿಯಾಗಿ ಮಾಹಿತಿ ಬರೆಯುವ ಜೇಸನ್ ಗೊತ್ತಿದ್ದವರು ಕಣ್ಣಾಡಿಸಿದರೆ ಅರ್ಥವಾಗುತ್ತದೆ.

ಹೊಸಬರಿಗೆ ಮೊದಲು ಸಿಟ್ಟು ಬರುವುದು ಸರ್ವರ್‌ನಲ್ಲಿ ಪ್ರತಿ ರಿಸೋರ್ಸ್‌ಗೂ ಇರುವ ಐಡಿ ವಿಷಯದಲ್ಲಿ. ರೋಗಿಯ ಆಸ್ಪತ್ರೆ ನಂಬರ್ 10452 ಅಂತಿದ್ದರೆ ಅದನ್ನೇ ಐಡಿ ಮಾಡಿ ಕಳಿಸಿದರೆ ಸರ್ವರ್ ಬೇಡ ಅನ್ನುತ್ತದೆ, ನೀವೇ ಕೊಡುವ ಐಡಿಯಲ್ಲಿ ಬರೀ ಅಂಕಿ ಇರಬಾರದು ಅಂತ ಡೀಫಾಲ್ಟ್ ನಿಯಮ. ಸೆಟ್ಟಿಂಗ್ ಬದಲಾಯಿಸಬಹುದು, ಆದರೆ ಬೇಡ. ಆ ನಂಬರ್ ಹೋಗಬೇಕಾದ ಜಾಗ ಪೇಷಂಟ್ ಒಳಗೇ ಇರುವ ಐಡೆಂಟಿಫೈಯರ್ ಅನ್ನುವ ಬೇರೆ ಕಾಲಂ, ಅದೂ ಯಾವ ಆಸ್ಪತ್ರೆ ಕೊಟ್ಟದ್ದು ಅಂತ ಹೇಳುವ ಸಿಸ್ಟಮ್ ವಿಳಾಸದ ಜೊತೆಗೆ. ಇಲ್ಲದಿದ್ದರೆ ಇನ್ನೊಂದು ಆಸ್ಪತ್ರೆಯ 10452 ಬಂದ ದಿನ ಇಬ್ಬರ ದಾಖಲೆಯೂ ಕಲಸಿಹೋಗುತ್ತದೆ, ಅಲ್ವಾ?

ಇನ್ನೊಂದು ಚಿಕ್ಕ ಕಿರಿಕಿರಿ: ಡೇಟಾ ಹಾಕಿ ತಕ್ಷಣ ಹುಡುಕಿದರೆ ಕೆಲವೊಮ್ಮೆ ಕಾಣುವುದಿಲ್ಲ. ಅದೇ ಹುಡುಕಾಟದ ಹಳೇ ಫಲಿತಾಂಶವನ್ನು ಒಂದು ನಿಮಿಷ ಇಟ್ಟುಕೊಂಡು ಮತ್ತೆ ಕೊಡುತ್ತದೆ, ಅಷ್ಟೇ.

ಈಗ ನಿಜವಾದ ತೊಂದರೆಗೆ ಬರೋಣ. ಈ ಸರ್ವರ್ ತುಂಬಾ ಒಳ್ಳೆಯ ಮನಸ್ಸಿನದು, ಏನು ಕೊಟ್ಟರೂ ತೆಗೆದುಕೊಳ್ಳುತ್ತದೆ. ತಪ್ಪು ಪೂರ್ತಿ ಅದರದ್ದಲ್ಲ. ಮೂಲ ಫೈರ್‌ನಲ್ಲಿ ಪೇಷಂಟ್‌ಗೆ ಹೆಸರು ಕೂಡ ಕಡ್ಡಾಯವಲ್ಲ. ಅಬ್ಸರ್ವೇಷನ್‌ಗೆ ಬೇಕೇ ಬೇಕಾದದ್ದು ಸ್ಟೇಟಸ್ ಮತ್ತು ಕೋಡ್ ಮಾತ್ರ, ಆ ಕೋಡ್ ಜಾಗದಲ್ಲೂ ಸುಮ್ನೆ 'ಶುಗರ್' ಅಂತ ಬರೆದರೆ ನಡೆಯುತ್ತದೆ. ಒಂದು ಕಡೆಯಿಂದ 99 ಬಂತು, ಇನ್ನೊಂದು ಕಡೆಯಿಂದ 5.5 ಬಂತು. ಎರಡೂ ಒಂದೇ ಗ್ಲೂಕೋಸ್ ಮಟ್ಟ! ಮೊದಲನೆಯದು ಡೆಸಿಲೀಟರ್‌ಗೆ ಮಿಲಿಗ್ರಾಂ, ಎರಡನೆಯದು ಲೀಟರ್‌ಗೆ ಮಿಲಿಮೋಲ್. ಟೆಸ್ಟ್‌ಗೆ ಲೋಯಿಂಕ್ (ಟೆಸ್ಟ್‌ಗಳ ಅಂತರರಾಷ್ಟ್ರೀಯ ಪಟ್ಟಿ) ಕೋಡ್, ಅಳತೆಗೆ ಯೂಕಮ್ (ಯೂನಿಟ್‌ಗಳನ್ನು ಒಂದೇ ರೀತಿ ಬರೆಯುವ ಪದ್ಧತಿ) ಯೂನಿಟ್ ಇಲ್ಲದಿದ್ದರೆ ಗ್ರಾಫ್ ನೋಡುವ ಡಾಕ್ಟರ್‌ಗೆ ರೋಗಿಯ ಸಕ್ಕರೆ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಇದನ್ನು ತಡೆಯಲು ಏನೇನು ಕಡ್ಡಾಯ ಅಂತ ಹೇಳುವ ಪ್ರೊಫೈಲ್ ಬರೆದು, ಬಂದದ್ದನ್ನು ಅದರ ಪ್ರಕಾರ ಪರೀಕ್ಷಿಸುವ ವ್ಯಾಲಿಡೇಷನ್ ಆನ್ ಮಾಡಬೇಕು. ಅದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದ ಮೇಲೆ ಸ್ವಲ್ಪ ನಿಧಾನವಾಗುತ್ತದೆ, ಆಗಲಿ ಬಿಡಿ.

ಒಂದು ಲ್ಯಾಬ್ ಸಾಫ್ಟ್‌ವೇರ್‌ನವರು 'ನಮ್ಮಲ್ಲಿ ಫೈರ್ ಇದೆ' ಅಂತ ಎದೆ ತಟ್ಟಿ ಹೇಳಿದ್ದರು. ಬಂದ ಡಯಾಗ್ನೋಸ್ಟಿಕ್ ರಿಪೋರ್ಟ್ (ಲ್ಯಾಬ್ ವರದಿಯ ರಿಸೋರ್ಸ್) ತೆರೆದು ನೋಡಿದರೆ ಒಳಗೆ ಒಂದು ಪಿಡಿಎಫ್ ತುರುಕಿಟ್ಟಿದ್ದರು, ಓದಿ ಹೋಲಿಸಬಹುದಾದ ಒಂದೇ ಒಂದು ಅಂಕಿ ಇಲ್ಲ. ನಿಯಮದ ಪ್ರಕಾರ ಸರಿಯೇ, ಹ್ಯಾಪಿ ಕೂಡ ನಗುತ್ತಾ ಸೇರಿಸಿಕೊಂಡಿತು.

ಸೆಕ್ಯುರಿಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಹ್ಯಾಪಿಯ ಈ ಸಿದ್ಧ ಸ್ಟಾರ್ಟರ್ ಪ್ಯಾಕೇಜ್‌ನಲ್ಲಿ ಅದು ಇಲ್ಲವೇ ಇಲ್ಲ. ಲಾಗಿನ್ ಕೂಡ ಕೇಳುವುದಿಲ್ಲ. ನಿಜವಾದ ರೋಗಿಗಳ ಮಾಹಿತಿ ಹಾಕುವ ಮುಂಚೆ ಮುಂದೆ ಒಂದು ಬಾಗಿಲು ಕಟ್ಟಿಕೊಳ್ಳಿ. ಜೊತೆಗೆ ಬರುವ ಎಚ್2 ಡೇಟಾಬೇಸ್ ತೆಗೆದು ಪೋಸ್ಟ್‌ಗ್ರೆಸ್ ಹಾಕಿ.

ಕಲಿಯಲು, ಪ್ರಯೋಗ ಮಾಡಲು ಐದಕ್ಕೆ ಐದು ಕೊಡುತ್ತೇನೆ. ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಮೂರೂವರೆ, ಅದೂ ಜಾವಾ ಬಲ್ಲವರು ಒಬ್ಬರು ಪಕ್ಕದಲ್ಲಿದ್ದರೆ. ಅಂದಹಾಗೆ ಫೈರ್‌ನ ಆರ್5 ಆವೃತ್ತಿ 2023ರಲ್ಲೇ ಬಂದಿದ್ದರೂ ಹೊಸದಾಗಿ ಶುರು ಮಾಡುವವರು ಅದರ ಹಿಂದಿನ ಆರ್4 ಆರಿಸಿಕೊಳ್ಳಿ, ಎದುರಿಗಿರುವ ಸಿಸ್ಟಮ್ ಹೆಚ್ಚಾಗಿ ಅದನ್ನೇ ಮಾತಾಡುತ್ತಿರುತ್ತದೆ.