ಕ್ಯಾನ್ಸರ್ ತಪಾಸಣೆ ಬಸ್ಸು: ಒಳಗೆ ಚೆನ್ನ, ಹೊರಗೆ ಗೋಳು

ಹೋದ ತಿಂಗಳು ಒಂದು ಸಂಸ್ಥೆಯವರ ಉಚಿತ ಕ್ಯಾನ್ಸರ್ ತಪಾಸಣೆ ಬಸ್ಸು ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿಗೆ ಬಂದಿತ್ತು. ನಾನೂ ಅತ್ತೆಯೂ ಹೋಗಿದ್ದೆವು.

ಪರೀಕ್ಷೆಯಲ್ಲಿ ಕುಂದು ಹೇಳುವ ಹಾಗಿಲ್ಲ. ಬಸ್ಸಿನೊಳಗೆ ಇದ್ದವರೆಲ್ಲ ಹೆಂಗಸರೇ. ನರ್ಸಮ್ಮ ತೆಲುಗಿನಲ್ಲಿ ಮಾತಿಗೆಳೆದಿದ್ದೇ ತಡ, ಅಲ್ಲಿವರೆಗೂ ಗಟ್ಟಿಯಾಗಿ ಹಿಡಿದಿದ್ದ ನನ್ನ ಕೈಯನ್ನು ಅತ್ತೆ ಬಿಟ್ಟರು. ನನಗೆ ಗರ್ಭಕೋಶದ ಬಾಯಿಯ ಪರೀಕ್ಷೆ. ವಿನೆಗರ್ ವಾಸನೆಯ ದ್ರಾವಣವನ್ನು ಹತ್ತಿಯಲ್ಲಿ ಹಚ್ಚಿ, ಒಂದು ನಿಮಿಷ ಬಿಟ್ಟು, ಎಲ್ಲಾದರೂ ಬೆಳ್ಳಗಾಗಿದೆಯಾ ಅಂತ ನೋಡುತ್ತಾರೆ. ಸ್ವಲ್ಪ ಚುರುಗುಟ್ಟಿತು, ಅಷ್ಟೇ. ಬೆಳ್ಳಗಾದರೆ ಕ್ಯಾನ್ಸರ್ ಅಂತಲೇ ಅಲ್ಲ, ಇನ್ನೊಂದು ಪರೀಕ್ಷೆ ಬೇಕಾಗುತ್ತೆ ಅಂತ ಮೊದಲೇ ಹೇಳಿದ್ದರು. ಸ್ತನವನ್ನೂ ಕೈಯಿಂದ ಮುಟ್ಟಿ ನೋಡಿದರು.

ತೊಂದರೆಯೆಲ್ಲ ಬಸ್ಸಿನ ಹೊರಗೆ. ಹೆಸರು ಬರೆಸುವ ಮೇಜು ಶಾಲೆ ಜಗಲಿಯಲ್ಲಿ. ಬಿಪಿ, ಶುಗರ್ ನೋಡಿಸಲು ಬಂದ ಗಂಡಸರೂ ಅದೇ ಸಾಲಿನಲ್ಲಿ. ಅಲ್ಲಿ ಕೂತ ಹುಡುಗ ಊರಿಗೆಲ್ಲ ಕೇಳುವ ಹಾಗೆ "ಬಿಳಿ ಮುಟ್ಟು ಹೋಗುತ್ತಾ?" ಅಂದರೆ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ನನ್ನ ಮುಂದಿದ್ದವರಿಬ್ಬರು "ನಲ್ಲಿ ನೀರು ಬಿಡೋ ಹೊತ್ತಾಯ್ತು" ಅಂತ ಎದ್ದೇ ಹೋದರು. ನಮ್ಮೂರಲ್ಲಿ ನೀರು ಬಿಡೋದು ಸಾಯಂಕಾಲ!

ಬಂದ ದಿನವೂ ಸರಿಯಿಲ್ಲ. ನಮ್ಮ ಕೇರಿಯ ನಾಲ್ಕೈದು ಮನೆಗಳಲ್ಲಿ ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆ ತಟ್ಟೆಗೆ ಬಿಡುವ ಹೊತ್ತು. ಆವತ್ತು ಹುಳುಮನೆ ಬಿಟ್ಟು ಯಾರು ಬರುತ್ತಾರೆ? ಗೂಡು ಕೆಟ್ಟರೆ ಸಾಲ ತೀರಿಸೋರು ಯಾರು? ಊರಿನ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. 30 ವರ್ಷ ದಾಟಿದವರ ಆರೋಗ್ಯದ ವಿವರ ಮನೆಮನೆಗೆ ಹೋಗಿ ಬರೆದುಕೊಳ್ಳುವವರು ಅವರೇ ಅಲ್ವಾ. "ಗುಂಡುಕಲ್ಲಿನ ಹಾಗಿದ್ದೀನಿ, ನನಗ್ಯಾಕೆ" ಅನ್ನುವವರನ್ನು ಒಪ್ಪಿಸಿ ಕರೆತರೋದೂ ಅವರೇ.

ಅತ್ತೆಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಬಸ್ಸಿನಲ್ಲಿ ಬಾಯಿ ನೋಡಿದಾಗ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಜಿಲ್ಲಾ ಆಸ್ಪತ್ರೆಗೆ ತೋರಿಸಿ ಅಂತ ಚೀಟಿ ಕೊಟ್ಟರು. ಚೀಟಿ ಪೂರ್ತಿ ಇಂಗ್ಲಿಷ್. ಯಾವ ದಿನ ಹೋಗಬೇಕು, ಯಾವ ರೂಮು, ಯಾರನ್ನು ಕೇಳಬೇಕು, ಒಂದೂ ಇಲ್ಲ. ಫೋನ್ ಮಾಡುತ್ತೇವೆ ಅಂದವರು ಮಾಡಲೇ ಇಲ್ಲ. ಕೊನೆಗೆ ಆಶಾ ಅವರೇ ವಿಚಾರಿಸಿ ಜೊತೆಗೆ ಬಂದರು. ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ರಿಪೋರ್ಟ್ ಬರಬೇಕು. ಅತ್ತೆ ಹೊಗೆಸೊಪ್ಪು ಬಿಟ್ಟಿದ್ದಾರೆ. ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತೆ ಅಂತ ಡಾಕ್ಟರು ಹೇಳಿದರೂ ಸಂಚಿ ಮಾತ್ರ ಸೊಂಟ ಬಿಟ್ಟಿಲ್ಲ.

ಪರೀಕ್ಷೆಗೆ ಐದಕ್ಕೆ ಐದು, ಮಿಕ್ಕಿದ್ದಕ್ಕೆ ಎರಡು. ನಿಮ್ಮೂರಿಗೆ ಬಂದರೆ ತಪ್ಪದೆ ಹೋಗಿ. ಚೀಟಿ ಕೊಟ್ಟರೆ ಸುಮ್ನೆ ಇಳಿದು ಬರಬೇಡಿ. ಎಲ್ಲಿಗೆ, ಯಾವತ್ತು ಅನ್ನೋದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಫೋನ್ ನಂಬರೂ ಇಸ್ಕೊಳ್ಳಿ.