ಇನ್‌ಸ್ಟಾಲ್ ಆಗಿರುವುದೇನು, ನಾವು ಹಾಕಿಸಿದ್ದೇನು: ಆಪ್ಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್ ಹೋಲಿಕೆ

ಟರ್ಮಿನಲ್‌ನಲ್ಲಿ ಪ್ಯಾಕೇಜ್ ಪಟ್ಟಿ ತೆಗೆಯುವುದು ಯಾವ ಲಿನಕ್ಸ್‌ನಲ್ಲೂ ಒಂದು ಸಾಲಿನ ಕೆಲಸ. ಆ ಪಟ್ಟಿಯಲ್ಲಿ ಸಾವಿರಾರು ಹೆಸರು ಬಂದು ಬಿದ್ದಮೇಲೆ ಕಷ್ಟ ಶುರು. ಇದರಲ್ಲಿ ನಾವೇ ಹೇಳಿ ಹಾಕಿಸಿದ್ದು ಯಾವುದು, ಇನ್ನೊಂದರ ಬಾಲ ಹಿಡಿದು ಬಂದದ್ದು ಯಾವುದು, ಬಂದದ್ದು ಯಾವಾಗ? ಡೆಬಿಯನ್–ಉಬುಂಟು ಬಳಗದ ಆಪ್ಟ್, ಫೆಡೋರಾ ಬಳಗದ ಡಿಎನ್‌ಎಫ್, ಆರ್ಚ್‌ನ ಪ್ಯಾಕ್‌ಮ್ಯಾನ್, ಪ್ಯಾಕೇಜ್ ಹಾಕಿ ತೆಗೆಯುವ ಈ ಮೂರೂ ಸಾಧನಗಳಿಗೆ ಇದೇ ಪ್ರಶ್ನೆಗಳನ್ನು ಹಾಕಿ ನೋಡಿದರೆ ಮೂರೂ ಎಡವುತ್ತವೆ, ಆದರೆ ಒಂದೊಂದು ಒಂದೊಂದು ಕಡೆ.

(ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂಬುದು ಮುಖ್ಯವಾದ ಕಡೆ ಅದನ್ನೂ ಹೇಳಿದೆ.)

ಬರೀ ಪಟ್ಟಿ

ಡೆಬಿಯನ್‌ನಲ್ಲಿ ಮೊದಲು ಕೈಗೆ ಬರುವುದು, ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ಕಮಾಂಡ್, ಡಿಪಿಕೆಜಿ -ಎಲ್. ಚಿಕ್ಕ ಎಲ್, ದೊಡ್ಡದು ಹಾಕಿದರೆ ಒಂದು ಪ್ಯಾಕೇಜಿನೊಳಗಿನ ಫೈಲುಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಮೊದಲ ಎರಡು ಅಕ್ಷರಗಳನ್ನು ಓದದೆ ಈ ಪಟ್ಟಿಯನ್ನು ನಂಬಬಾರದು. ಮೊದಲನೆಯದು ಇರಬೇಕಾದ ಸ್ಥಿತಿ, ಎರಡನೆಯದು ಈಗಿರುವ ಸ್ಥಿತಿ. 'ಐಐ' ಎಂದರೆ ಸರಿಯಾಗಿ ಇನ್‌ಸ್ಟಾಲ್ ಆಗಿದೆ. 'ಆರ್‌ಸಿ' ಎಂದರೆ ಪ್ಯಾಕೇಜ್ ತೆಗೆದಾಗಿದೆ, ಕಾನ್ಫಿಗ್ ಫೈಲುಗಳಷ್ಟೇ ಉಳಿದಿವೆ. 'ಐಎಫ್' ಕಂಡರೆ ಕಾನ್ಫಿಗರ್ ಆಗುವ ಹಂತದಲ್ಲಿ ಅರ್ಧಕ್ಕೆ ನಿಂತಿದೆ. ಡಿಪಿಕೆಜಿ --ಕಾನ್ಫಿಗರ್ -ಎ ಓಡಿಸಬೇಕು.

ಸ್ಕ್ರಿಪ್ಟ್‌ಗಳು ಕೆಡುವುದು ಹೆಚ್ಚಾಗಿ ಆ 'ಆರ್‌ಸಿ' ಸಾಲುಗಳಿಂದ. ಡಿಪಿಕೆಜಿ -ಎಲ್‌ನ ಔಟ್‌ಪುಟ್ಟನ್ನು ಗ್ರೆಪ್‌ಗೆ (ಸಾಲು ಹುಡುಕುವ ಕಮಾಂಡ್) ಕೊಟ್ಟು ಹೆಸರು ಹುಡುಕಿದರೆ ತೆಗೆದುಹಾಕಿದ ಪ್ಯಾಕೇಜೂ 'ಇದೆ' ಎಂದೇ ಲೆಕ್ಕ. ಡಿಪಿಕೆಜಿ -ಎಸ್ (ಚಿಕ್ಕ ಎಸ್) ಕೂಡ ಅಂಥ ಪ್ಯಾಕೇಜಿಗೆ ಎಕ್ಸಿಟ್ ಕೋಡ್ 0, ಅಂದರೆ 'ಎಲ್ಲ ಸರಿ' ಎಂಬ ಸಂಕೇತ ಕೊಡುತ್ತದೆ. ಡಿಪಿಕೆಜಿ-ಕ್ವೆರಿ -ಡಬ್ಲ್ಯೂ (ದೊಡ್ಡಕ್ಷರ) ಚೊಕ್ಕಟವಾಗಿ ಹೆಸರು–ಆವೃತ್ತಿ ಕೊಟ್ಟರೂ ಇವನ್ನು ಬಿಡುವುದಿಲ್ಲ. ಹಾಗಾಗಿ ಅದರ ಫಾರ್ಮ್ಯಾಟಿಗೆ 'ಡಿಬಿ:ಸ್ಟೇಟಸ್-ಆಬ್ರೆವ್' ಎಂಬ ಫೀಲ್ಡನ್ನೂ ಸೇರಿಸಿ, 'ಐಐ' ಇರುವ ಸಾಲುಗಳನ್ನಷ್ಟೇ ಆರಿಸಿಕೊಳ್ಳಬೇಕು. ಹೆಸರಿಗೆ ಬರೀ 'ಪ್ಯಾಕೇಜ್' ಬದಲು 'ಬೈನರಿ:ಪ್ಯಾಕೇಜ್' ಫೀಲ್ಡ್ ಒಳ್ಳೆಯದು. 32 ಬಿಟ್ ಮತ್ತು 64 ಬಿಟ್ ಲೈಬ್ರರಿ ಎರಡೂ ಇದ್ದಲ್ಲಿ ಒಂದೇ ಹೆಸರು ಎರಡು ಸಲ ಬಂದು ಗೊಂದಲವಾಗುವುದು ತಪ್ಪುತ್ತದೆ. ಉಳಿದ ಕಾನ್ಫಿಗ್‌ಗಳನ್ನು ಗುಡಿಸಲು ಆಪ್ಟ್ 2.0ರಿಂದ ಈಚೆಗೆ ಆಪ್ಟ್ ಪರ್ಜ್ '~ಸಿ' ಸಾಕು.

ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್ ಕಣ್ಣಿಗೆ ಹಿತ. ಆದರೆ ಔಟ್‌ಪುಟ್ಟನ್ನು ಪೈಪ್‌ಗೆ ಕೊಟ್ಟ ಕೂಡಲೇ, ಇದರ ಸ್ವರೂಪ ಸ್ಥಿರವಲ್ಲ, ಸ್ಕ್ರಿಪ್ಟಿನಲ್ಲಿ ಎಚ್ಚರ ಎಂದು ತಾನೇ ಹೇಳುತ್ತದೆ. ಆ ಮಾತನ್ನು ಕೇಳುವುದೇ ಲೇಸು.

ಫೆಡೋರಾದಲ್ಲಿ ಡಿಎನ್‌ಎಫ್‌ನ ಕೆಳಗೆ ಕೆಲಸ ಮಾಡುವುದು ಆರ್‌ಪಿಎಂ. ಆರ್‌ಪಿಎಂ -ಕ್ಯೂಎ ವಿಷಯದಲ್ಲಿ ಇಷ್ಟು ರಗಳೆಯಿಲ್ಲ. ಪಟ್ಟಿ ಅಕಾರಾದಿಯಲ್ಲಿ ಬರುವುದಿಲ್ಲ, ಸಾರ್ಟ್ ಮಾಡಿಕೊಳ್ಳಬೇಕು. ನಡುನಡುವೆ 'ಜಿಪಿಜಿ-ಪಬ್‌ಕೀ' ಎಂಬ ಸಾಲು ಕಂಡರೆ ಅದು ಪ್ಯಾಕೇಜಲ್ಲ, ರೆಪೊಸಿಟರಿಯ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಭಂಡಾರ) ಸಹಿ ಪರೀಕ್ಷಿಸುವ ಕೀ. ಕರ್ನಲ್ ಮೂರು ಸಲ ಕಂಡರೂ ಗಾಬರಿ ಬೇಡ, ಫೆಡೋರಾ ಮೂರು ಆವೃತ್ತಿ ಇಟ್ಟುಕೊಳ್ಳುವುದೇ ಪದ್ಧತಿ. ನೆನಪಿಡಬೇಕಾದ ಬದಲಾವಣೆ ಇನ್ನೊಂದಿದೆ: 2024ರ ಫೆಡೋರಾ 41ರಿಂದ ಡಿಎನ್‌ಎಫ್ 5 ಬಂದಿದೆ. ಅಲ್ಲಿ ಹಳೆಯ 'ಡಿಎನ್‌ಎಫ್ ಲಿಸ್ಟ್ ಇನ್‌ಸ್ಟಾಲ್ಡ್' ನಡೆಯದು, 'ಇನ್‌ಸ್ಟಾಲ್ಡ್' ಎಂಬ ಹೆಸರಿನ ಪ್ಯಾಕೇಜನ್ನು ಅದು ಹುಡುಕುತ್ತದೆ. 'ಡಿಎನ್‌ಎಫ್ ಲಿಸ್ಟ್ --ಇನ್‌ಸ್ಟಾಲ್ಡ್' ಎಂದು ಎರಡು ಹೈಫನ್ ಸೇರಿಸಬೇಕು.

ಪ್ಯಾಕ್‌ಮ್ಯಾನ್ -ಕ್ಯೂ (ಕ್ಯೂ ದೊಡ್ಡದು) ಬಗ್ಗೆ ಹೇಳುವಂಥದ್ದೇ ಇಲ್ಲ. ಒಂದು ಸಾಲಿಗೆ ಒಂದು ಹೆಸರು, ಒಂದು ಆವೃತ್ತಿ. ಮೂರರಲ್ಲಿ ಇದೇ ಚೊಕ್ಕ.

ನಾವು ಕೇಳಿ ಹಾಕಿಸಿದ್ದು

ಇಲ್ಲಿ ಡೆಬಿಯನ್ ನಿರಾಶೆ ಮಾಡುತ್ತದೆ. ಆಪ್ಟ್-ಮಾರ್ಕ್ ಶೋಮ್ಯಾನುಯಲ್ ಎಂಬುದು 'ನಾವು ಕೇಳಿದ್ದು' ಎಂದು ತೋರಿಸುವ ಪಟ್ಟಿಯಲ್ಲಿ ನಾವು ಕನಸಲ್ಲೂ ಕೇಳದ ನೂರಾರು ಹೆಸರು ಇರಬಹುದು. ವಾರ್/ಲಿಬ್/ಆಪ್ಟ್ ಅಡಿಯ 'ಎಕ್ಸ್‌ಟೆಂಡೆಡ್_ಸ್ಟೇಟ್ಸ್' ಫೈಲಿನಲ್ಲಿ 'ತಾನಾಗಿ ಬಂದದ್ದು' ಎಂಬ ಗುರುತು ಮಾತ್ರ ದಾಖಲಾಗುತ್ತದೆ. ಗುರುತಿಲ್ಲದ್ದೆಲ್ಲ ಕೇಳಿ ಹಾಕಿಸಿದ್ದು ಎಂದೇ ಲೆಕ್ಕ. ಇನ್‌ಸ್ಟಾಲರ್ ಇಳಿಸಿದ ಮೂಲ ಸಿಸ್ಟಂ, ಡಿಪಿಕೆಜಿ -ಐ ಮೂಲಕ ನೇರ ಹಾಕಿದ ಫೈಲು, ಎಲ್ಲವೂ ಅಲ್ಲಿ ಸೇರುವುದು ಹೀಗೆ. ಹೊಸ ಸಿಸ್ಟಂ ಹಾಕಿದ ಮೊದಲ ದಿನವೇ ಈ ಪಟ್ಟಿಯ ಒಂದು ಪ್ರತಿ ಇಟ್ಟುಕೊಂಡರೆ ಮುಂದೆ ಅದನ್ನು ಕಳೆದು ನೋಡಬಹುದು. ಇಟ್ಟುಕೊಳ್ಳದಿದ್ದರೆ ಕೈಯಲ್ಲೇ ಹೆಕ್ಕಬೇಕು: ಬೇಡದ್ದಕ್ಕೆ ಆಪ್ಟ್-ಮಾರ್ಕ್ ಆಟೋ ಗುರುತು ಹಾಕುತ್ತಾ ಹೋಗಿ, ಆಮೇಲೆ ಆಟೋರಿಮೂವ್ ಏನನ್ನು ತೆಗೆಯಲು ಹೊರಟಿದೆ ಎಂದು -ಎಸ್ (ಚಿಕ್ಕಕ್ಷರ) ಆಪ್ಷನ್ ಸೇರಿಸಿ ಮೊದಲು ಓದಿಕೊಳ್ಳಿ.

ಗುರುತು ಬದಲಾಗುವ ರೀತಿಯಲ್ಲೂ ವ್ಯತ್ಯಾಸವಿದೆ. ಡಿಪೆಂಡೆನ್ಸಿಯಾಗಿ, ಅಂದರೆ ಇನ್ನೊಂದಕ್ಕೆ ಬೇಕೆಂದು ಬಂದ ಪ್ಯಾಕೇಜಿಗೆ ಮತ್ತೊಮ್ಮೆ 'ಆಪ್ಟ್ ಇನ್‌ಸ್ಟಾಲ್' ಹೇಳಿದರೆ ಆಪ್ಟ್ ಅದನ್ನು ಮ್ಯಾನುಯಲ್ ಎಂದು ಬದಲಿಸಿಬಿಡುತ್ತದೆ. ಪ್ಯಾಕ್‌ಮ್ಯಾನ್ ಹಾಗಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿದರೂ ಹಳೆಯ ಗುರುತನ್ನೇ ಉಳಿಸುತ್ತದೆ. ಬೇಕೆಂದರೆ -ಡಿ (ದೊಡ್ಡಕ್ಷರ) --ಆಸ್‌ಎಕ್ಸ್‌ಪ್ಲಿಸಿಟ್ ಎಂದು ಬಿಡಿಸಿ ಹೇಳಬೇಕು. ಅದನ್ನು ಮರೆತು ಮುಂದೊಂದು ದಿನ ಅನಾಥ ಪ್ಯಾಕೇಜ್ ಗುಡಿಸಿದಾಗ, ದಿನಾ ಬಳಸುವ ಕಮಾಂಡೇ ಮಾಯ. ಆದರೂ ಪ್ಯಾಕ್‌ಮ್ಯಾನ್ ರೀತಿಯೇ ಮೇಲು ಎನ್ನಬೇಕು, ಅಕಸ್ಮಾತ್ತಾಗಿ ಏನೂ ಬದಲಾಗುವುದಿಲ್ಲ.

ಆರ್ಚ್‌ನಲ್ಲಿ ಆಯ್ಕೆಗಳು ಅಕ್ಷರ ಜೋಡಿಸಿದಷ್ಟು ಸುಲಭ. ಮೊದಲ ಕ್ಯೂ ದೊಡ್ಡದು, ಉಳಿದವು ಚಿಕ್ಕವು. -ಕ್ಯೂಇ ಕೇಳಿ ಹಾಕಿಸಿದ್ದು. -ಕ್ಯೂಎಂ ರೆಪೊಸಿಟರಿಯಲ್ಲಿ ಇಲ್ಲದ್ದು, ಅಂದರೆ ಹೆಚ್ಚಾಗಿ ಎಯುಆರ್‌ನಿಂದ (ಬಳಕೆದಾರರೇ ನಡೆಸುವ ಆರ್ಚ್ ಭಂಡಾರ) ಕಟ್ಟಿದ್ದು. -ಕ್ಯೂಡಿಟಿ ಯಾರಿಗೂ ಬೇಡದೆ ಉಳಿದ ಡಿಪೆಂಡೆನ್ಸಿ. ಯಾರಿಗಾದರೂ 'ಇದ್ದರೆ ಒಳ್ಳೆಯದು' ಎಂಬಷ್ಟೇ ನಂಟಿರುವವು ಇದರಲ್ಲಿ ಕಾಣುವುದಿಲ್ಲ, ಅವೂ ಬೇಕಾದರೆ ಕೊನೆಗೆ ಇನ್ನೊಂದು ಟಿ. ರೆಪೊಸಿಟರಿ ಬಿಟ್ಟುಹೋದವನ್ನು ಹುಡುಕಲು ಆಪ್ಟ್‌ನಲ್ಲಿ ಆಪ್ಟ್ ಲಿಸ್ಟ್ '~ಓ', ಡಿಎನ್‌ಎಫ್‌ನಲ್ಲಿ ಲಿಸ್ಟ್ --ಎಕ್ಸ್‌ಟ್ರಾಸ್.

ಕೇಳಿ ಹಾಕಿಸಿದ್ದನ್ನು ನೋಡಲು ಡಿಎನ್‌ಎಫ್‌ನಲ್ಲಿ ರೆಪೊಕ್ವೆರಿ --ಯೂಸರ್‌ಇನ್‌ಸ್ಟಾಲ್ಡ್. ಹೆಸರು ಮಾತ್ರ ಬೇಕೆಂದು --ಕ್ಯೂಎಫ್ ಕೊಟ್ಟರೆ ಡಿಎನ್‌ಎಫ್ 5ರಲ್ಲಿ ಎಲ್ಲ ಹೆಸರುಗಳೂ ಒಂದಕ್ಕೊಂದು ಅಂಟಿಕೊಂಡು ಒಂದೇ ಸಾಲಾಗಿ ಬರುತ್ತವೆ. ಹಳೆಯದು ಸಾಲಿನ ಕೊನೆಯ ನ್ಯೂಲೈನನ್ನು ತಾನೇ ಹಾಕುತ್ತಿತ್ತು, ಹೊಸದರಲ್ಲಿ ಫಾರ್ಮ್ಯಾಟಿನ ಕೊನೆಗೆ ನಾವೇ ಬರೆಯಬೇಕು. ಗುರುತು ಬದಲಿಸಲು ಹಿಂದೆ 'ಮಾರ್ಕ್ ಇನ್‌ಸ್ಟಾಲ್', ಈಗ 'ಮಾರ್ಕ್ ಯೂಸರ್'.

ಈ ಮೂರಕ್ಕಿಂತ ಪ್ರಾಮಾಣಿಕವಾದದ್ದು ಆಲ್ಪೈನ್ ಲಿನಕ್ಸ್. ಕೇಳಿದ ಹೆಸರುಗಳೆಲ್ಲ ಇಟಿಸಿ/ಎಪಿಕೆ/ವರ್ಲ್ಡ್ ಎಂಬ ಒಂದೇ ಟೆಕ್ಸ್ಟ್ ಫೈಲಿನಲ್ಲಿ. ತೆರೆದು ಓದಿದರೆ ಮುಗಿಯಿತು.

ಯಾವಾಗ ಬಂತು

ಈ ಪ್ರಶ್ನೆಗೆ ಡಿಎನ್‌ಎಫ್ ಗೆಲ್ಲುತ್ತದೆ. ಡಿಎನ್‌ಎಫ್ ಹಿಸ್ಟರಿ ಪ್ರತಿಯೊಂದು ಕೆಲಸಕ್ಕೂ ನಂಬರ್ ಕೊಟ್ಟು, ಯಾವ ಕಮಾಂಡ್, ಯಾವ ಹೊತ್ತು, ಏನು ಬದಲಾಯಿತು ಎಂದು ಇಟ್ಟಿರುತ್ತದೆ. ಹಿಸ್ಟರಿ ಅನ್‌ಡೂ ಎಂದು ಆ ನಂಬರ್ ಕೊಟ್ಟರೆ ಹಿಂದಕ್ಕೆ ತರಲೂಬಹುದು, ಹಳೆಯ ಆವೃತ್ತಿ ರೆಪೊಸಿಟರಿಯಲ್ಲಿ ಇನ್ನೂ ಸಿಗುವಂತಿದ್ದರೆ. ಆರ್‌ಪಿಎಂ ಕಮಾಂಡಿನಿಂದ ನೇರ ಹಾಕಿದ್ದು ಇದರಲ್ಲಿ ಸೇರದು. ಆರ್‌ಪಿಎಂ -ಕ್ಯೂಎ --ಲಾಸ್ಟ್ ಕೊಡುವ ದಿನಾಂಕವನ್ನು 'ಮೊದಲು ಹಾಕಿದ ದಿನ' ಎಂದುಕೊಳ್ಳಬೇಡಿ, ಅದು ಕೊನೆಯ ಅಪ್‌ಗ್ರೇಡಿನ ದಿನ. ಪ್ಯಾಕ್‌ಮ್ಯಾನ್ -ಕ್ಯೂಐ ತೋರಿಸುವ ಇನ್‌ಸ್ಟಾಲ್ ಡೇಟ್ ಕಥೆಯೂ ಅದೇ.

ಡೆಬಿಯನ್ ತನ್ನ ಡೇಟಾಬೇಸಿನಲ್ಲಿ ದಿನಾಂಕವನ್ನೇ ಇಡುವುದಿಲ್ಲ. ಲಾಗ್ ಓದಬೇಕು: ವಾರ್/ಲಾಗ್ ಅಡಿಯ ಡಿಪಿಕೆಜಿ.ಲಾಗ್‌ನಲ್ಲಿ ಎಲ್ಲವೂ, ಆಪ್ಟ್/ಹಿಸ್ಟರಿ.ಲಾಗ್‌ನಲ್ಲಿ ಆಪ್ಟ್ ಮೂಲಕ ಆದದ್ದು ಮತ್ತು ಅದಕ್ಕೆ ಕೊಟ್ಟ ಕಮಾಂಡ್. ಎರಡೂ ತಿಂಗಳಿಗೊಮ್ಮೆ ತಿರುಗಿ 12 ಪ್ರತಿಗಳಷ್ಟೇ ಉಳಿಯುವುದರಿಂದ, ವರ್ಷ ದಾಟಿದ್ದು ಹೋಯಿತು. ಹಳೆಯವು ಕಂಪ್ರೆಸ್ ಆಗಿರುತ್ತವೆ, ಗ್ರೆಪ್ ಬದಲು ಜಡ್‌ಗ್ರೆಪ್ ಬೇಕು. ಇತಿಹಾಸ ಬೇಕಿದ್ದವರು ಲಾಗ್‌ರೊಟೇಟ್ ಸೆಟ್ಟಿಂಗಿನ 'ರೊಟೇಟ್ 12' ಅನ್ನು ಇವತ್ತೇ ಹೆಚ್ಚಿಸಿಕೊಳ್ಳಬಹುದು.

ಹೊಸ ಯಂತ್ರಕ್ಕೆ ಸಾಗಿಸುವಾಗ

ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್ ಎಂಬ ಹಳೆಯ ಸಲಹೆಯನ್ನು ಬಿಡುವುದೇ ಒಳ್ಳೆಯದು. ತಾನಾಗಿ ಬಂದದ್ದು ಯಾವುದೆಂಬ ಗುರುತು ಅದರಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಪೂರ್ತಿ ಪಟ್ಟಿ ಹೊಸ ಆವೃತ್ತಿಗೆ ಹೊಂದುವುದಿಲ್ಲ: ಉಬುಂಟು 24.04ರಲ್ಲಿ ಎಷ್ಟೋ ಲೈಬ್ರರಿಗಳ ಹೆಸರಿನ ಕೊನೆಗೆ 'ಟಿ64' ಸೇರಿಕೊಂಡಿತು, ಹಳೆಯ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಶೋಮ್ಯಾನುಯಲ್ ಪಟ್ಟಿಯನ್ನು ಸೋಸಿ ಅದನ್ನೇ ಒಯ್ಯಿರಿ. ಆರ್ಚ್‌ನಲ್ಲಿ -ಕ್ಯೂಕ್ಯೂಇಎನ್ ಔಟ್‌ಪುಟ್ಟನ್ನು ಫೈಲಿಗೆ ಬರೆದು, ಆ ಕಡೆ -ಎಸ್ (ದೊಡ್ಡಕ್ಷರ) --ನೀಡೆಡ್ ಜೊತೆಗೆ ಓದಿಸಿದರೆ ಆಯಿತು. ಆ ಕೊನೆಯ ಎನ್ ಬಿಟ್ಟರೆ ಎಯುಆರ್ ಹೆಸರುಗಳೂ ಸೇರಿ, ಅವು ಸಿಗಲಿಲ್ಲವೆಂದು ಇಡೀ ಕೆಲಸವೇ ನಿಲ್ಲುತ್ತದೆ.

ಎರಡು ಪಟ್ಟಿಗಳನ್ನು ಕಾಮ್ ಕಮಾಂಡಿನಿಂದ ಹೋಲಿಸುವಾಗ 'ಸಾರ್ಟ್ ಆಗಿಲ್ಲ' ಎಂಬ ದೂರು ಬಂದರೆ ಎರಡು ಯಂತ್ರಗಳ ಭಾಷಾ ಸೆಟ್ಟಿಂಗ್ ಬೇರೆ ಇರಬಹುದು. ಸಾರ್ಟ್‌ಗೂ ಕಾಮ್‌ಗೂ ಮುಂದೆ ಎಲ್‌ಸಿ_ಆಲ್=ಸಿ (ಎಲ್ಲ ದೊಡ್ಡಕ್ಷರ) ಹಾಕಿದರೆ ಸರಿಹೋಗುತ್ತದೆ.

ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಪೈಥಾನ್‌ನ ಪಿಪ್, ಈ ಬೇರೆ ಸಾಧನಗಳು ಹಾಕಿದ್ದು ಈ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಫ್ಲ್ಯಾಟ್‌ಪ್ಯಾಕ್ ಲಿಸ್ಟ್ --ಆ್ಯಪ್, ಸ್ನ್ಯಾಪ್ ಲಿಸ್ಟ್, ಪಿಪ್ ಲಿಸ್ಟ್ --ಯೂಸರ್ --ನಾಟ್-ರಿಕ್ವೈರ್ಡ್, ಇವುಗಳ ಔಟ್‌ಪುಟ್ಟನ್ನು ಬೇರೆ ಫೈಲುಗಳಲ್ಲಿ ಇಡಿ. ಸೋರ್ಸ್‌ನಿಂದ ಮೇಕ್ ಇನ್‌ಸ್ಟಾಲ್ ಮಾಡಿದ್ದಕ್ಕಂತೂ ಯಾವ ಲೆಕ್ಕವೂ ಇಲ್ಲ. ಯುಎಸ್‌ಆರ್/ಲೋಕಲ್ ಒಳಗೆ ಫೈಂಡ್ ಓಡಿಸಿ ಕಣ್ಣಾರೆ ನೋಡುವುದೊಂದೇ ದಾರಿ.